ಒನಕೆಯ ಟಯರಿನ ಪಿಕಪ್

ಪಿಕಪ್ಪಿನಲ್ಲಿ ಗೇರ್ ಹಾಕುವುದು ಎಡಗೈಯಿಂದ. ಇದು ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಎಡಗೈ ನೆಟ್ಟಗಿರುವಷ್ಟು ದಿನ ಅದೊಂದು ವಿಷಯ ಅಂತಲೇ ಯಾರಿಗೂ ಅನಿಸುವುದಿಲ್ಲ. ನನಗೂ ಅನಿಸಿರಲಿಲ್ಲ. ಕಡಬದ ಸುತ್ತಮುತ್ತ ಬಾಡಿಗೆಗೆ ಪಿಕಪ್ ಓಡಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನೆಲ್ಯಾಡಿಯಿಂದ ರಬ್ಬರ್ ಶೀಟು, ಮರ್ಕಂಜಕ್ಕೆ ಗೊಬ್ಬರ, ಯಾರದೋ ಮದುವೆಗೆ ಪಾತ್ರೆಪಗಡ, ಯಾರಿಗೋ ಮಾರಿದ ದನ, ಹೀಗೆ ನಾನು ಹೇರದ ಸಾಮಾನಿಲ್ಲ. ಒಂದು ಬೇಸಗೆಯಲ್ಲಿ ರಬ್ಬರ್ ಮರದ ಲೋಡಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ತುಂಡಾಯಿತು. ಎಡಭುಜ ಅಡಿಯಾಗಿ ಬಿದ್ದೆ. ಮೂಳೆ ಮುರಿದಿದ್ದರೆ ಕೂಡಿಕೊಳ್ಳುತ್ತಿತ್ತು. ಭುಜದ ನರ ಎಳೆದಿದೆ, ಶಕ್ತಿ ಬಂದರೂ ನಿಧಾನವಾಗಿ ಬಂದೀತು, ಎಷ್ಟು ಬಂದೀತು ಎಂದು ಈಗ ಹೇಳಲಾಗದು ಎಂದರು ಪುತ್ತೂರಿನ ಡಾಕ್ಟರು.

ಕೈ ಇತ್ತು, ಇಲ್ಲವೆಂದಲ್ಲ. ಊಟ ಮುಗಿದ ಮೇಲೂ ಏಳದೆ ಕೂತ ನೆಂಟನ ಹಾಗೆ ಮಡಿಲಲ್ಲಿ ಇತ್ತು.

ಪಿಕಪ್ಪೂ ಮೊದಲೇ ಮುದುಕ. ಉದ್ದ ಮೂಗು, ಚೌಕ ಮುಖ, ಮೇಲಿನ ಬಿಳಿ ಬಣ್ಣ ಕೆರೆದರೆ ನೀಲಿ, ನೀಲಿಯ ಅಡಿಯಲ್ಲಿ ಹಸಿರು. ನಾನು ಬಿದ್ದ ದಿನ ಯಾರೋ ಅದನ್ನು ತಂದು ಅಂಗಳದಾಚೆ ಹಲಸಿನ ಮರದಡಿ ನಿಲ್ಲಿಸಿದರು. ನಿಂತದ್ದು ನಿಂತೇಬಿಟ್ಟಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದಿನ ತಳ ತುಕ್ಕು ಹಿಡಿದು ಜರಡಿಯಾಯಿತು, ಕನ್ನಡಿಗೆ ಬಳ್ಳಿ ಸುತ್ತಿತು, ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತು. ನನ್ನ ಸೀಟಿನಲ್ಲಿ ಕೂತು ನನ್ನನ್ನೇ ಕೆಕ್ಕರಿಸುವ ಆ ಕೋಳಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಗುಜರಿಯವನು ವಾಹನ ಕೊಡುತ್ತೀರಾ ಎಂದು ಕೇಳಿಕೊಂಡು ಬಂದಾಗ ಅವನಿಗೆ ನಾನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನನ್ನ ಸಿಟ್ಟು ಊರಿಗೇ ಗೊತ್ತು. ಬಿದ್ದ ಮೇಲೆ ಅದು ಇನ್ನೊಂದು ದಾರಿ ಹಿಡಿಯಿತು. ಯಾರೂ ನನಗೆ ಸಹಾಯ ಮಾಡಬಾರದು. ಅಂಗಿಯ ಗುಂಡಿ ಒಂದೇ ಕೈಯಲ್ಲಿ ಹಾಕುತ್ತಿದ್ದೆ, ಗೋಡೆಗೆ ಸೊಂಟ ಒತ್ತಿ ಲುಂಗಿ ಸುತ್ತುತ್ತಿದ್ದೆ, ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತೆಗೆಯುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊದಮೊದಲು ಕೈ ಹಾಕಲು ಬಂದಳು. ನಾನು ಗುಡುಗಿದೆ. ಮತ್ತೆ ಬಂದಳು, ಮತ್ತೆ ಗುಡುಗಿದೆ. ಆಮೇಲೆ ಅವಳು ಬಾಗಿಲಿನಿಂದ ಈಚೆ ಬರುವುದನ್ನೇ ಬಿಟ್ಟಳು. ಪುತ್ತೂರು ಪೇಟೆಯಲ್ಲಿ ಬೆಳೆದವಳು, ಬಾಯಿ ಜೋರು. ಅವಳ ಬಾಯಿ ಮುಚ್ಚಿದ್ದು ನನಗೆ ಗೆದ್ದ ಹಾಗೆಯೇ ಕಂಡಿತು.

ಆ ದಿನಗಳಲ್ಲೇ ಒಮ್ಮೆ ಅವಳು ಬೆಳಗ್ಗಿನ ಬಸ್ಸಿಗೆ ಹೊರಟು ನಿಂತಳು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಅವಳು ಕೇಳಿ ಹೋಗುವ ಪದ್ಧತಿ ಇಲ್ಲ, ಹೇಳಿ ಹೋಗುವುದು ಮಾತ್ರ. ಕೊಲ್ಲಮೊಗ್ರಿನ ಆಚೆ ಕಾಡಂಚಿನ ಗುಡಿಗೆ ಹೋಗಿ ಒಂದು ಹರಕೆ ಹೇಳಿ ಬರುತ್ತೇನೆ ಎಂದಳು. ಮಣ್ಣಿನ ಹರಕೆ ಒಪ್ಪಿಸುವ ಗುಡಿ ಅದು. ಮನೆಯಾಗಬೇಕು ಎಂದವರು ಮನೆಯಾದ ಮೇಲೆ ಮಣ್ಣಿನ ಪುಟ್ಟ ಮನೆ ತಂದಿಡುತ್ತಾರೆ. ದನದ ಕಾಯಿಲೆ ವಾಸಿಯಾದರೆ ಮಣ್ಣಿನ ದನ, ಕಾಲುನೋವು ಹೋದರೆ ಮಣ್ಣಿನ ಕಾಲು. ನಿನ್ನದು ಎಂತ ಹರಕೆ ಎಂದು ಕೇಳಿದೆ. ಒಪ್ಪಿಸುವವರೆಗೆ ಬಾಯಿ ಬಿಡುವ ಹಾಗಿಲ್ಲ ಎಂದಳು. ಮಣ್ಣಿನ ಕೈ ಇರಬೇಕು ಎಂದುಕೊಂಡು ನಾನು ಮರೆತುಬಿಟ್ಟೆ.

ಡಾಕ್ಟರು ಬೆರಳಿಗೆ ಒಂದು ವ್ಯಾಯಾಮ ಹೇಳಿದ್ದರು. ಒಂದು ಬಟ್ಟಲಿನ ಬಟಾಣಿ ಕಾಳನ್ನು ಎಡಗೈಯಲ್ಲಿ ಹೆಕ್ಕಿ ಇನ್ನೊಂದು ಬಟ್ಟಲಿಗೆ ಹಾಕಬೇಕು. ಘಟ್ಟ ಹತ್ತಿ ಇಳಿದ ಕೈಗೆ ಬಟಾಣಿ! ಬಟ್ಟಲನ್ನೇ ಅಂಗಳಕ್ಕೆ ಎಸೆದೆ, ಆ ಕೋಳಿಗೆ ಹಬ್ಬವಾಯಿತು. ಸುಮ್ಮನೆ ಕೂರಲಾಗದೆ ಒಂದು ರಬ್ಬರ್ ಮರದ ತುಂಡನ್ನು ಎಡ ಅಂಗೈಯ ಅಡಿಗಿಟ್ಟು ಬಲಗೈಯಲ್ಲಿ ಚಾಕು ಹಿಡಿದು ಕೆತ್ತಿದೆ. ಎಡಗೈಗೆ ಇದ್ದ ಕೆಲಸ ಒಂದೇ, ಮೈಯ ಭಾರವನ್ನು ಅದರ ಮೇಲೆ ಬಿಟ್ಟು ತುಂಡು ಅಲುಗದ ಹಾಗೆ ಒತ್ತುವುದು. ಒತ್ತುವುದಕ್ಕೆ ಬೆರಳು ಬೇಡ, ಭಾರ ಸಾಕು. ಹೊತ್ತು ಇಳಿಯುವಾಗ ನೋಡಿದರೆ ಕೈಯಡಿಯಲ್ಲಿ ನಮ್ಮ ಪಿಕಪ್ಪಿನ ಬಾನೆಟ್ಟು ಮಲಗಿತ್ತು, ಅಂಗೈಗಿಂತ ಸಣ್ಣದು, ಮಧ್ಯದ ಏಣು ಸಮೇತ. ಅದನ್ನು ನಾನು ಕೆತ್ತಬೇಕೆಂದು ಕೆತ್ತಿದ್ದಲ್ಲ. ಅಷ್ಟು ವರ್ಷ ಕಣ್ಣೆದುರು ಇದ್ದ ಆಕಾರ ತಾನಾಗಿ ಬಂದು ಕೂತಿತ್ತು.

ಮರುದಿನವೇ ಕಡಬದ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ನನ್ನ ಪಿಕಪ್ಪಿನ ಹೊಟ್ಟೆ ಬಗೆದು ಬಗೆದೇ ಗ್ಯಾರೇಜು ಕಟ್ಟಿದ ಮನುಷ್ಯ. ಗಾಡಿ ಎಬ್ಬಿಸಬೇಕು ಎಂದೆ. ಎಬ್ಬಿಸಿ ಓಡಿಸುವುದು ಯಾರು ಎಂದು ಕೇಳಲು ಬಾಯಿ ತೆರೆದವನು ನನ್ನ ದನಿ ಕೇಳಿ ಮುಚ್ಚಿಕೊಂಡ. ಭಾನುವಾರ ಬರುತ್ತೇನೆ ಎಂದ.

ನಾನೊಂದು ಕಟ್ಟಳೆ ಮಾಡಿದೆ. ದೊಡ್ಡದರಿಂದ ಯಾವ ಭಾಗ ಬಿಚ್ಚಿದರೂ ಅದರ ಸಣ್ಣದು ನನ್ನ ಮಣೆಯ ಮೇಲೆ ಆಗುವವರೆಗೆ ಅದನ್ನು ತೊಳೆದು ತಿರುಗಿ ಜೋಡಿಸುವ ಹಾಗಿಲ್ಲ. ಅಡಿಯೊಂದಕ್ಕೆ ಇಂಚು ಒಂದು ಎಂಬುದು ಲೆಕ್ಕ. ಬಾಗಿಲು ಇಳಿಸಿದರೆ ಬಾಗಿಲು, ಬಂಪರು ಬಿಚ್ಚಿದರೆ ಬಂಪರು. ಮೆಕ್ಯಾನಿಕ್ಕಿಗೆ ತಲೆ ಕೆಟ್ಟುಹೋಯಿತು. ಸ್ಪ್ರಿಂಗ್ ಪ್ಲೇಟು ಕೈಯಲ್ಲಿ ಹಿಡಿದು ನಿಂತು, ಎಂತ ಮಾರಾಯ್ರೆ ಇದು, ಗಾಡಿ ಮಾಡುದಾ ಗೊಂಬೆ ಮಾಡುದಾ ಎಂದು ಕೇಳಿದ. ಎರಡೂ ಎಂದೆ. ಆದರೆ ಆ ಕಟ್ಟಳೆಯಿಂದಾಗಿ ಅವಸರದ ಕೆಲಸ ಒಂದೂ ಆಗಲಿಲ್ಲ. ಸಣ್ಣದನ್ನು ಮಾಡಲು ಅಳೆಯುವಾಗಲೇ ದೊಡ್ಡದರ ಬಿರುಕು, ಬಾಗು, ಹಿಂದೆ ಯಾರೋ ಮಾಡಿದ ಕಳ್ಳ ವೆಲ್ಡಿಂಗು ಎಲ್ಲ ಕಣ್ಣಿಗೆ ಬೀಳುತ್ತಿತ್ತು.

ಮೈಗೆ ರಬ್ಬರ್ ಮರ, ಹಗುರ, ಬೆಳ್ಳಗೆ. ಹಿಂದಿನ ತಳಕ್ಕೆ ಹಳೆಯ ಬಾಗಿಲುವಾಡದ ಹಲಸು, ಅದರ ಹಳದಿಗೆ ಎಣ್ಣೆ ಮುಟ್ಟಿಸಿದರೆ ಬೆಲ್ಲದ ಬಣ್ಣ. ಟಯರಿಗೆ ಕಪ್ಪು ಮರ ಎಲ್ಲಿಂದ ತರುವುದು ಎಂದು ನಾನು ಗೊಣಗುತ್ತಿದ್ದದ್ದು ಒಳಗೆ ಕೇಳಿಸಿರಬೇಕು. ಹೆಂಡತಿ ಅಟ್ಟ ಹತ್ತಿ ತನ್ನ ತಾಯಿಮನೆಯಿಂದ ಬಂದ ಮುರಿದ ಒನಕೆಯನ್ನು ತಂದಳು. ಬೈನೆ ಮರದ ಒನಕೆ, ಕಬ್ಬಿಣದಷ್ಟು ಗಟ್ಟಿ, ಕಪ್ಪಿನ ನಡುವೆ ಬಿಳಿ ನವಿರು ಗೆರೆ. ಮಾತಾಡದೆ ನನ್ನ ಮಣೆಯ ಪಕ್ಕ ಇಟ್ಟು ಹೋದಳು. ಅಡ್ಡ ಕೊಯ್ದರೆ ಉರುಟು ಬಿಲ್ಲೆ, ಟಯರು ಸಿದ್ಧ. ಗರಗಸದ ಬ್ಲೇಡಿನ ತುಂಡಿನಿಂದ ಅದಕ್ಕೆ ಹಲ್ಲು ಕೊರೆದೆ. ಒಂದೊಂದು ಟಯರಿಗೆ ಒಂದೊಂದು ವಾರ ಹಿಡಿಯಿತು.

ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಅರ್ಧ ಎಚ್ಚರ ಅರ್ಧ ನಿದ್ದೆಯ ಹಾಗೆಯೇ ಇದೆ. ಮಧ್ಯಾಹ್ನದ ಗಂಜಿ ಮುಗಿದು ಮೆಕ್ಯಾನಿಕ್ಕೂ ಇಲ್ಲದ ದಿನಗಳಲ್ಲಿ ಚಾವಡಿ ನಿಶ್ಶಬ್ದವಾಗಿರುತ್ತಿತ್ತು. ಹಂಚಿನ ನಡುವಿನ ಗಾಜಿನಿಂದ ಬಿದ್ದ ಬಿಸಿಲಿನಲ್ಲಿ ಮರದ ಹುಡಿ ಮೇಲೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುವುದೇ ಕಾಣದು. ನಾನು ಕೆನ್ನೆಯನ್ನು ಮಣೆಗೆ ಒತ್ತಿ ಒಂದು ಕಣ್ಣು ಮುಚ್ಚಿ ಸಣ್ಣ ಪಿಕಪ್ಪಿನ ಒಳಗೆ ನೋಡುತ್ತಿದ್ದೆ. ಬಾಗಿಲಿಲ್ಲ, ಗ್ಲಾಸಿಲ್ಲ, ಇನ್ನೂ ಸ್ಟೇರಿಂಗೂ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ನಾನು ಒಳಗೆ ಇರುತ್ತಿದ್ದೆ. ಎದುರಿಗೆ ಚಾವಡಿಯ ಕೆಂಪು ಸಿಮೆಂಟು ನೆಲ ಪಂಜದ ರಸ್ತೆಯಾಗಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ನೆಲದ ಬಿರುಕು ಹೊಳೆ, ಕಂಬದ ಬುಡ ತಿರುವು. ಗುತ್ತಿಗಾರು ದಾಟಿ ಕಾಡಿನ ತಂಪು ಮುಖಕ್ಕೆ ಬರುತ್ತಿತ್ತು. ಎಡಗೈ ತಾನಾಗಿ ಸೆಕೆಂಡು, ಥರ್ಡು ಹಾಕುತ್ತ ಹೋಗುತ್ತಿತ್ತು. ಯಾವ ನರಕ್ಕೂ ಏನೂ ಆಗಿರಲಿಲ್ಲ. ಹಿಂದೆ ಲೋಡು ಇದೆಯೋ ಇಲ್ಲವೋ ನೋಡಲು ತಿರುಗಿದರೆ, ಅಲ್ಲಿ ಹಳದಿ ಹಲಸಿನ ತಳದ ಮೇಲೆ ಒಂದು ಇರುವೆ ಸಾವಕಾಶವಾಗಿ ಹೋಗುತ್ತಿರುತ್ತಿತ್ತು. ಆಗ ಎಚ್ಚರವಾಗುತ್ತಿತ್ತು. ಎಡಗೈ ಮಣೆಯ ಮೇಲೆ ಇದ್ದಲ್ಲೇ ಇರುತ್ತಿತ್ತು. ಒಮ್ಮೆ ಅಳು ಬಂದದ್ದೂ ಉಂಟು, ಮರದ ಹುಡಿ ಬಿತ್ತು ಎಂದು ಕಣ್ಣು ಒರೆಸಿಕೊಂಡೆ, ನೋಡಲು ಯಾರೂ ಇಲ್ಲದಿದ್ದರೂ.

ಕೈ ಸ್ವಲ್ಪ ಬಂತು. ಇಷ್ಟೇ ಬಂದದ್ದು ಎಂದು ಸರಿಯಾಗಿ ಹೇಳುತ್ತೇನೆ: ಮುಂದಕ್ಕೆ ತಳ್ಳುವುದು ಭುಜದ ಭಾರದಿಂದ ಆಗುತ್ತಿತ್ತು, ಹಿಂದಕ್ಕೆ ಎಳೆಯುವುದಕ್ಕೆ ಬೆರಳಿನ ಹಿಡಿತ ಸಾಲದು. ಫಸ್ಟು ಮುಂದೆ, ಸೆಕೆಂಡು ಹಿಂದೆ. ಸಮತಟ್ಟಿನಲ್ಲಿ ಮಣಿಕಟ್ಟನ್ನು ಕೊಕ್ಕೆ ಮಾಡಿ ಸಾವಕಾಶವಾಗಿ ಎಳೆದರೆ ಸೆಕೆಂಡು ಬೀಳುತ್ತಿತ್ತು. ಏರಿನಲ್ಲಿ ಅಷ್ಟು ಹೊತ್ತು ಯಾವ ಗಾಡಿ ಕಾಯುತ್ತದೆ? ನಾನು ಮತ್ತೆ ಡ್ರೈವರನಾಗುವುದೋ ಇಲ್ಲವೋ ಎಂಬುದು ಈಗ ಅದೊಂದು ಎಳೆತದಲ್ಲಿತ್ತು. ರಾತ್ರಿ ಹಗಲು ನನಗೆ ಬೇರೆ ಯೋಚನೆ ಇರಲಿಲ್ಲ.

ಸಣ್ಣದರ ಕೆಲಸದಲ್ಲಿ ಕೊನೆಗೆ ಉಳಿದದ್ದು ಎದುರು ಗ್ಲಾಸಿನ ಚೌಕಟ್ಟು. ಕಡ್ಡಿಗಿಂತ ಸಪೂರ ನಾಲ್ಕು ಪಟ್ಟಿ. ಅಂಟು ಹಚ್ಚಿ ನಾಲ್ಕು ಮೂಲೆಯನ್ನೂ ಒಟ್ಟಿಗೆ ಹಿಡಿಯಬೇಕು, ಒತ್ತಬಾರದು, ಒತ್ತಿದರೆ ಮುರಿಯುತ್ತದೆ. ನನ್ನ ಎಡಗೈಗೆ ಗೊತ್ತಿದ್ದದ್ದು ಒತ್ತುವುದೊಂದೇ. ಮೊದಲ ಚೌಕಟ್ಟು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದಕ್ಕೆ ಅಂಟು ಹಚ್ಚಿ ಆಗಿತ್ತು, ಮೂಲೆ ಜಾರುತ್ತಿತ್ತು, ಅಂಟು ಒಣಗುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಒಳಗೆ ಕೂಗಿದೆ.

"ಇಲ್ಲಿ ಬಾ ಮಾರಾಯ್ತಿ. ಇದನ್ನು ಸ್ವಲ್ಪ ಹಿಡಿ."

ಅವಳು ಬಂದಳು. ಸೌಟು ಕೈಯಲ್ಲೇ ಇತ್ತು, ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿ, ನಾನು ತೋರಿಸಿದ ಕಡೆ ಎರಡು ಬೆರಳಿಟ್ಟಳು. ಅಂಟು ಹಿಡಿಯುವವರೆಗೆ ಇಬ್ಬರ ತಲೆಯೂ ಹತ್ತಿರ ಹತ್ತಿರ ಬಾಗಿಕೊಂಡೇ ಇತ್ತು. ಅವಳ ತಲೆಯಲ್ಲಿ ಒಗ್ಗರಣೆಯ ವಾಸನೆ. ಒಳಗೆ ಎಂತದೋ ಕರಟುವ ವಾಸನೆಯೂ ಬಂತು, ಅವಳು ಏಳಲಿಲ್ಲ. ಆಯಿತು ಎಂದು ನಾನು ಹೇಳಿದ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆ ದಿನ ಕರಟಿದ ಪಲ್ಯವನ್ನು ಇಬ್ಬರೂ ಗೊಣಗದೆ ಉಂಡೆವು.

ಊಟ ಮಾಡುತ್ತಲೇ ಅವಳು ಹೇಳಿದಳು, ಈ ಸಣ್ಣ ಪಿಕಪ್ಪು ಹರಕೆಗೆ ಹೋಗಬೇಕು ಎಂದು. ನನಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ತಟ್ಟೆ ಆಚೆ ದೂಡಿದೆ. ಆ ಗುಡಿಯಲ್ಲಿ ಇಟ್ಟದ್ದನ್ನು ಯಾರೂ ತಿರುಗಿ ತರುವಂತಿಲ್ಲ. ಬಯಲಿನ ಜಗಲಿಯ ಮೇಲೆ ಬಿಸಿಲಿಗೆ ಮಳೆಗೆ ಬಿದ್ದು ಅದು ಮಣ್ಣಾಗಬೇಕು. ಮಣ್ಣಿನದನ್ನು ಕೊಂಡು ಇಡು, ಕುಂಬಾರರು ಇದ್ದಾರಲ್ಲ ಎಂದು ರೇಗಿದೆ. ಹೇಳಿದ್ದು ಇದನ್ನು, ಇದನ್ನೇ ಕೊಡಬೇಕು ಎಂದಳು. ಅದೇ ವಾರ ದೊಡ್ಡದು ಸ್ಟಾರ್ಟಾಯಿತು. ಸೆಲ್ಫ್ ತಿರುಗಿ, ಕೆಮ್ಮಿ, ಹೊಗೆ ಕಾರಿ, ಆಮೇಲೆ ಹಳೆಯ ದನಿಯಲ್ಲಿ ಗುಡುಗುಡು ಸದ್ದು ಮಾಡತೊಡಗಿತು. ಮೆಕ್ಯಾನಿಕ್ಕು ಬಾನೆಟ್ಟಿಗೆ ಕೈ ಮುಗಿದ. ಆಗ ನನಗೆ ಎಲ್ಲ ತಿಳಿಯಿತು ಎಂದುಕೊಂಡೆ. ಕೈಗೆ ಹರಕೆಯಾದರೆ ಮಣ್ಣಿನ ಕೈ; ಇವಳು ವಾಹನ ಕೊಡುತ್ತಿದ್ದಾಳೆ ಎಂದರೆ ಹರಕೆ ವಾಹನಕ್ಕೆ, ಗುಜರಿಗೆ ಹೋಗಬೇಕಾದದ್ದು ಎದ್ದು ನಿಲ್ಲಲಿ ಎಂದು. ಎದ್ದು ನಿಂತಿತಲ್ಲ, ಇನ್ನು ತಪ್ಪಿಸುವುದು ಹೇಗೆ?

ಆದರೂ ನಾನು ಬಿಡುವ ಪೈಕಿ ಅಲ್ಲ. ಉಳಿದ ಮರದಲ್ಲಿ ಇನ್ನೊಂದು ಮಾಡಿದೆ, ಗ್ಲಾಸಿನ ಚೌಕಟ್ಟನ್ನು ಮಾತ್ರ ಅಂಟಿಸದೆ ಒಂದೇ ತುಂಡಿನಲ್ಲಿ ಕೊರೆದು. ದೂರದಿಂದ ನೋಡಿದರೆ ಅದೇ. ದೇವರಿಗೆ ಲೈಸೆನ್ಸು ಉಂಟಾ, ಅಷ್ಟು ಹತ್ತಿರದಿಂದ ಯಾಕೆ ನೋಡುತ್ತಾನೆ ಎಂದು ನನ್ನ ಲೆಕ್ಕ. ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ಟಯರು ನೋಡಲಿಲ್ಲ, ಬಾಗಿಲು ನೋಡಲಿಲ್ಲ. ಎದುರು ಗ್ಲಾಸಿನ ಚೌಕಟ್ಟಿನ ಮೇಲೆ ಬೆರಳಾಡಿಸಿ ಕೆಳಗಿಟ್ಟಳು. ಇದನ್ನು ನಾನು ಹಿಡಿದದ್ದಲ್ಲ ಎಂದಳು. ಹೆಂಗಸರ ಹಟ ಎಂದುಕೊಂಡೆ ನಾನು.

ಕೊನೆಗೆ ಒಂದು ಬೆಳಗ್ಗೆ ಹೊರಟೆವು. ಮೆಕ್ಯಾನಿಕ್ಕು ತಾನು ಓಡಿಸುತ್ತೇನೆ ಎಂದ, ನಾನು ಕೇಳಿಸದವನಂತೆ ಇದ್ದೆ. ಅವಳು ಎಡಗಡೆಯ ಸೀಟಿನಲ್ಲಿ, ಯಾವಾಗಲೂ ಕೂರುವಲ್ಲಿ, ಮಡಿಲಲ್ಲಿ ಸಣ್ಣ ಪಿಕಪ್ಪು. ಪಂಜದವರೆಗೆ ಚಾವಡಿಯ ನೆಲದ ಮೇಲೆ ಹೋದ ಹಾಗೆಯೇ ಹೋಯಿತು. ಮಂಜು ಇನ್ನೂ ಗದ್ದೆಯಿಂದ ಎದ್ದಿರಲಿಲ್ಲ. ಮೆಕ್ಯಾನಿಕ್ಕು ಬಿಳಿ, ನೀಲಿ ಎಲ್ಲ ಕೆರೆದು ಮೊದಲಿನ ಹಸಿರನ್ನೇ ಬಳಿದಿದ್ದ ಮೂಗು ಅದರೊಳಗೆ ಹೊಕ್ಕು ಹೊಕ್ಕು ಹೊರಗೆ ಬರುತ್ತಿತ್ತು. ನಾನು ಹೊರಗಿನ ಪಿಕಪ್ಪಿನಲ್ಲಿ ಇದ್ದೇನೋ ಅವಳ ಮಡಿಲಿನದರಲ್ಲಿ ಇದ್ದೇನೋ ಎಂದು ಒಂದೊಂದು ಸಲ ಅನುಮಾನ ಬರುತ್ತಿತ್ತು. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಹಾಗೆಂದು ಅವಳಿಗೆ ಹೇಳಲಿಲ್ಲ.

ಕೊಲ್ಲಮೊಗ್ರು ದಾಟಿದ ಮೇಲಿನ ಏರಿನಲ್ಲಿ ಕೈ ಕೊಟ್ಟಿತು. ಥರ್ಡಿನಿಂದ ಸೆಕೆಂಡಿಗೆ ಎಳೆಯಬೇಕು. ಬೆರಳು ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಇಂಜಿನ್ನು ನಡುಗಿ ನಿಂತಿತು, ಗಾಡಿ ಹಿಂದಕ್ಕೆ ಸರಿಯಿತು, ಬ್ರೇಕು ಒತ್ತಿ ಹಿಡಿದೆ. ಅವಳು ಇಳಿದು ಟಯರಿನ ಹಿಂದೆ ಕಲ್ಲಿಟ್ಟು ಬಂದು ಕೂತಳು. ಫಸ್ಟಿಗೆ ತಳ್ಳಿ, ಇಡೀ ಏರನ್ನು ಫಸ್ಟಿನಲ್ಲೇ, ಇಂಜಿನ್ನು ಬೊಬ್ಬೆ ಹಾಕುತ್ತಿರುವಾಗ ಹತ್ತಿಸಿದೆ. ಗುಡಿಯ ಮುಂದೆ ನಿಲ್ಲಿಸಿದಾಗ ನನ್ನ ಅಂಗಿ ಒದ್ದೆಯಾಗಿತ್ತು. ಇನ್ನು ನಾನು ಡ್ರೈವರನಲ್ಲ ಎಂದು ಆ ಹೊತ್ತಿಗೆ ಗೊತ್ತಾಗಿಹೋಗಿತ್ತು.

ಕೆಂಪು ಮುರಕಲ್ಲಿನ ಜಗಲಿಯ ತುಂಬ ಮಣ್ಣಿನ ಮನೆಗಳು, ದನಗಳು, ಕಾಲುಗಳು, ತೊಟ್ಟಿಲುಗಳು. ಹೊಸವು ಕೆಂಪಗೆ, ಹಳೆಯವು ಪಾಚಿ ಹಿಡಿದು, ಇನ್ನೂ ಹಳೆಯವು ಎಂತದೆಂದು ತಿಳಿಯದ ಮುದ್ದೆ. ಭಟ್ಟರು ಸಣ್ಣ ಪಿಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ, ಮರದ್ದು ಇದೇ ಮೊದಲು, ಮಣ್ಣಾಗಲು ಸ್ವಲ್ಪ ತಡವಾದೀತು ಎಂದರು. ಪ್ರಾರ್ಥನೆ ಮುಗಿಸಿ ಅವಳ ಕೈಗೇ ಕೊಟ್ಟರು. ಅವಳು ಒಂದು ತೊಟ್ಟಿಲಿನ ಪಕ್ಕ ಜಾಗ ಮಾಡಿ ಇಟ್ಟಳು. ಒನಕೆಯ ಟಯರು ನಾಲ್ಕೂ ನೆಲಕ್ಕೆ ಸರಿಯಾಗಿ ಕೂತವು.

"ನಿನ್ನ ಹರಕೆ ಸಂದಿತಲ್ಲ," ಎಂದೆ ಸಿಟ್ಟಿನಲ್ಲೇ. "ಗುಜರಿ ಎದ್ದು ನಿಂತಿತು."

"ಗುಜರಿಗೆ ಯಾರು ಹರಕೆ ಹೇಳ್ತಾರೆ ಮಾರಾಯ್ರೆ?" ಎಂದಳು. "ನಿಮ್ಮ ಕೈಗೂ ಹೇಳ್ಲಿಲ್ಲ. ಅದು ಡಾಕ್ಟರು ನೋಡ್ತಾರೆ. ದೇವರೇ, ಇವರು ಒಂದು ಸಲ ಬಾಯಿಬಿಟ್ಟು ನನ್ನನ್ನು ಕರೀಲಿ, ಯಾವ ಕೆಲಸಕ್ಕೆ ಕರೀತಾರೋ ಅದನ್ನೇ ತಂದು ನಿನ್ನ ಮುಂದೆ ಇಡ್ತೇನೆ ಅಂತ ಹೇಳಿದ್ದು. ಅದಕ್ಕೆ ಮಣ್ಣಿನಲ್ಲಿ ಎಂತ ಮಾಡ್ಸುದು, ನೀವೇ ಹೇಳಿ."

ನಾನು ಜಗಲಿಯ ಮೇಲಿನ ಮಣ್ಣಿನ ದನಗಳ ಕಡೆ ನೋಡಿದೆ.

"ದನದ ಹಗ್ಗ ಹಿಡಿ ಅಂತ ಕರೆದಿದ್ರೆ?"

"ದನ ಬರ್ತಿತ್ತು," ಎಂದಳು.

ಭಟ್ಟರು ಕೊಟ್ಟ ಪ್ರಸಾದವನ್ನು ಕಟ್ಟಿಕೊಂಡು ಗಾಡಿಗೆ ಬಂದು ಕೂತೆವು. ಬರುವಾಗ ಇಳಿದದ್ದೆಲ್ಲ ಹೋಗುವಾಗ ಏರು, ನಮ್ಮ ಊರುಗಳ ರಸ್ತೆಯೇ ಹಾಗೆ. ಮೊದಲ ಇಳಿಜಾರು ಮುಗಿದು ಸೇತುವೆ ದಾಟಿದ ಕೂಡಲೇ ಎದುರಿಗೆ ಗೋಡೆಯಂತೆ ಒಂದು ಏರು ನಿಂತಿತ್ತು. ಥರ್ಡಿನಲ್ಲಿ ಅರ್ಧ ಹತ್ತಿತು, ಇಂಜಿನ್ನು ಗೊರಗೊರ ಎನ್ನತೊಡಗಿತು. ನನ್ನ ಎಡಗೈ ಗೇರಿನತ್ತ ಹೋದದ್ದು ಅರ್ಧದಲ್ಲಿ ನಿಂತಿತು. ಅದನ್ನು ತಿರುಗಿ ತಂದು ಸ್ಟೇರಿಂಗಿನ ಮೇಲೆ ಒರಗಿಸಿದೆ. ಕಾಲಿನಲ್ಲಿ ಕ್ಲಚ್ಚು ಒತ್ತಿದೆ.

"ಸೆಕೆಂಡಿಗೆ ಎಳಿ," ಎಂದೆ.

ಅವಳ ಕೈ ಬಂತು. ಹಿಡಿದು, ಒಂದು ಗಳಿಗೆ ನಡುವಿನಲ್ಲಿ ಸಡಿಲ ಬಿಟ್ಟು, ಎಡಕ್ಕೆ ಒತ್ತಿ ಹಿಂದಕ್ಕೆ ಎಳೆದಳು. ಬೆಣ್ಣೆಯಲ್ಲಿ ಇಳಿದ ಹಾಗೆ ಬಿತ್ತು. ಹಳೆಯ ಗೇರಿಗೆ ನಡುವೆ ಹಾಗೆ ಒಂದು ಗಳಿಗೆ ಬಿಡಬೇಕು ಎಂಬುದು ಮೆಕ್ಯಾನಿಕ್ಕಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಅವಳಿಗೆ ನಾನು ಯಾವತ್ತೂ ಹೇಳಿಕೊಟ್ಟವನಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಅವಳು ರಸ್ತೆ ನೋಡುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅವಳು ನೋಡುತ್ತಿದ್ದದ್ದು ನನ್ನ ಕೈಯನ್ನು.